ಟಿಕಳಿ ಹಚ್ಚಿದ ಬಟನ್

ಆ ದಿನ ನಿನ್ನ ಕೈ ತಡವಾಗಿರಲಿಲ್ಲ, ಮಾದೇವಿ. ತಡವಾಯಿತೆಂದು ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಬಟನ್ನನ್ನು ನೀನು ಸರಿಯಾದ ಹೊತ್ತಿಗೇ ಒತ್ತಿದ್ದೆ — ಅದರ ಹಿಂದೆ ಏನೂ ಇರಲಿಲ್ಲ, ಅಷ್ಟೇ. ಇದ್ದದ್ದನ್ನು ನಾನೇ ತೆಗೆದಿದ್ದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆಂದು ಬೇಸರಪಡಬೇಡ. ಮೊದಲಿನಿಂದ ಹೇಳದಿದ್ದರೆ ಎಲ್ಲಿ ಜಾರಿದೆ ಎಂಬುದು ನನಗೇ ಕಾಣುವುದಿಲ್ಲ.

ನೀನು ನನ್ನ ಗಂಡನ ತಂಗಿ. ನಿನ್ನ ಗಂಡ ತೀರಿಕೊಂಡ ಮೇಲೆ ನೀನು ನಾರಾಯಣಖೇಡದ ತವರಿಗೆ ಬಂದೆ, ಹಾಸಿಗೆ ಹಿಡಿದಿದ್ದ ನಿನ್ನ ಅವ್ವನನ್ನು, ನನ್ನ ಅತ್ತೆಯವರನ್ನು, ನೋಡಿಕೊಂಡೆ. ಅವರ ಕೈ ಮೊದಲು ಬರೀ ಸೂಜಿಗೆ ದಾರ ಪೋಣಿಸುವಾಗ ನಡುಗುತ್ತಿತ್ತು. ಕೊನೆಗೆ ತುತ್ತೂ ನೀನೇ ಬಾಯಿಗಿಡಬೇಕಾಯಿತು. ನೀನು ಹೊಸ್ತಿಲು ದಾಟಿದ್ದೇ ಅಪರೂಪ. ಇಲ್ಲಿ ಜಹೀರಾಬಾದಿನಲ್ಲಿ ನಾನೂ ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆಗಿ, ನೋಯುವ ಮೊಣಕಾಲು ಚಾಚಿಕೊಂಡು ಕೂತವಳು. ಮೊಮ್ಮಗಳು ರಜೆಗೆ ಬಂದಾಗ ಕಲಿಸಿಹೋದ ಆ ಆಟವನ್ನು — ಇಂಟರ್ನೆಟ್ಟಿನಲ್ಲಿ, ನಕ್ಷತ್ರಗಳ ನಡುವೆ, ಹಡಗುಗಳ ಯುದ್ಧ — ನಾನು ನಿನಗೆ ಕಲಿಸಿದೆ. Silly, ಅಂದುಕೊಳ್ಳುವವರು ಅಂದುಕೊಳ್ಳಲಿ. ಅತ್ತೆಯವರು ಮಧ್ಯಾಹ್ನ ಮಲಗಿದ ಮೇಲೆ ನೀನು ಕಿವಿಗೆ ಹೆಡ್‌ಫೋನ್ ಏರಿಸಿ "ಬಂದೀನ್ರಿ ವೈನಿ" ಅನ್ನುತ್ತಿದ್ದೆಯಲ್ಲ, ಆ ದನಿಯಲ್ಲಿ ಇಡೀ ಊರು ತಿರುಗಿ ಬಂದವಳ ಗೆಲುವು ಇರುತ್ತಿತ್ತು.

ನಮ್ಮ ಫ್ಲೀಟಿನಲ್ಲಿ ಎಲ್ಲೆಲ್ಲಿಯದೋ ಜನ. ದೊಡ್ಡ ಹಡಗುಗಳು ದೂರ ನಿಂತು ಗುಂಡು ಹಾರಿಸುತ್ತವೆ. ಸಣ್ಣವು ಶತ್ರುವಿನ ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ, ಓಡದಂತೆ ಹಿಡಿದಿಟ್ಟು ಹೊಡೆಯಬೇಕು. ಮೊದಲು ಸಾಯುವವು ಅವೇ. ಯಾವ ಕಾಳಗಕ್ಕೆ ಯಾವ ಸಣ್ಣ ಹಡಗು, ಅದರಲ್ಲಿ ಏನೇನು ಜೋಡಿಸಬೇಕು — ಆರಿಸುವ ಕೆಲಸ ನನ್ನದಾಯಿತು. ಎಲ್ಲರೂ "ಮೇಡಂ" ಅನ್ನುತ್ತಿದ್ದರು. ಆ ಮೇಡಂ ನನಗೆ ಬೇಕಾಗಿತ್ತು. ಶಾಲೆ ಬಿಟ್ಟ ಮೇಲೆ ಹಾಗೆ ಕರೆಯುವವರೇ ಇರಲಿಲ್ಲ...

ಉಳಿದವರು ತಮ್ಮ ಹಡಗನ್ನು ತಾವೇ ಒಮ್ಮೆ ಪರೀಕ್ಷಿಸಿ ಹೊರಡುತ್ತಿದ್ದರು. ನೀನು ನೋಡುತ್ತಿರಲಿಲ್ಲ. "ನೀವು ಕಟ್ಟಿಕೊಡ್ರಿ ವೈನಿ, ನಾ ಓಡಸ್ತೀನಿ. ಮನ್ಯಾಗ ಕಟ್ಟಿದ ಬುತ್ತಿ ದಾರ್ಯಾಗ ಬಿಚ್ಚಿ ನೋಡತಾರೇನ್ರಿ ಯಾರರ?" ಅಂದು ನಕ್ಕಿದ್ದೆ. ಅಪಾಯದಲ್ಲಿ ಒಂದೇ ನೆಗೆತಕ್ಕೆ ಪಾರಾಗುವ ಎಂಜಿನ್ನಿಗಿದ್ದ ಕೀಬೋರ್ಡಿನ ಬಟನ್ ಮೇಲೆ ನೀನು ಕೆಂಪು ಟಿಕಳಿ ಅಂಟಿಸಿಕೊಂಡಿದ್ದೆ. ಹಣೆಗೆ ಇಟ್ಟುಕೊಳ್ಳುವುದನ್ನು ಬಿಟ್ಟ ಟಿಕಳಿ. "ಇಲ್ಲ್ಯರ ಇರಲಿ ಬಿಡ್ರಿ," ಅಂದೆ. ನಿನ್ನ ಆ ಪುಟ್ಟ ಹಡಗು ಪ್ರತಿ ಸಲವೂ ಮನೆಗೆ ಬರುತ್ತಿತ್ತು. ಬಂದಾಗಲೆಲ್ಲ ನೀನು ಅದಕ್ಕೆ ದೃಷ್ಟಿ ತೆಗೆಯುತ್ತಿದ್ದೆ — ಕಂಪ್ಯೂಟರಿಗೆ, ಉಪ್ಪು ನಿವಾಳಿಸಿ! ಎಷ್ಟು ನಕ್ಕಿದ್ದೆವು.

ಆ ದಿನ ನಮಗೊಂದು ಬಲಿ ಬೇಕಾಗಿತ್ತು. ಒಂದು ಸಣ್ಣ ಹಡಗು ಸಿಕ್ಕಿಬಿದ್ದಂತೆ ಒದ್ದಾಡಬೇಕು, ಅದನ್ನು ಕೊಲ್ಲಲು ಶತ್ರುಗಳು ಗುಂಪುಗೂಡಬೇಕು, ಆಗ ನಮ್ಮ ದೊಡ್ಡವು ಬಂದು ಎರಗಬೇಕು. ಬಲಿಗೆ ಹೋಗುವವರನ್ನು ಮೊದಲೇ ಕೇಳುವುದು ಫ್ಲೀಟಿನ ಕಟ್ಟುಪಾಡು. ಬೇರೆ ಯಾರನ್ನೇ ಆಗಲಿ ನಾನು ಕೇಳದೆ ಕಳಿಸಿದ್ದಿಲ್ಲ. ಆದರೆ ತಿಳಿದುಕೊಂಡು ಹೋಗುವವರು ಓಡುವಂತೆ ನಟಿಸುತ್ತಾರೆ, ಶತ್ರು ಅದನ್ನು ಗುರುತಿಸಿಬಿಡುತ್ತಾನೆ. ತಿಳಿಯದವಳು ನಿಜವಾಗಿ ಓಡಲು ನೋಡುತ್ತಾಳೆ. ಈ ಯೋಚನೆ ಬಂದಾಗ — ದೇವರೇ — ನನಗೆ ನನ್ನ ಜಾಣತನದ ಬಗ್ಗೆ ಖುಷಿಯಾಯಿತು. ಅಲ್ಲಿಯೇ ನಾನು ನಿಲ್ಲಬೇಕಿತ್ತು.

ಎಂಜಿನ್ ತೆಗೆದೆ. ಅದರ ಜಾಗಕ್ಕೆ ದಪ್ಪ ಉಕ್ಕಿನ ತಗಡು ಹಾಕಿದೆ, ನೀನು ಸಾಯುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯಲಿ ಎಂದು. ಬುತ್ತಿ ಕಟ್ಟಿಕೊಟ್ಟೆ.

ನೀನು ಹೋದೆ. ಹಿಡಿದೆ. ಅವರು ಸುತ್ತುಗಟ್ಟಿದರು. ಹೆಡ್‌ಫೋನಿನಲ್ಲಿ ನಿನ್ನ ಬಟನ್ನಿನ ಸದ್ದು — ಟಕ್, ಟಕ್, ಟಕ್ — ಮತ್ತೆ ಮತ್ತೆ. "ವೈನಿ, ಹಾರವಲ್ದ್ರಿ... ವೈನಿ!" ನಿನ್ನ ಹಡಗು ಚೂರಾಯಿತು. ನಮ್ಮ ಫ್ಲೀಟ್ ಬಂತು, ಗೆದ್ದಿತು. "ಬ್ರಿಲಿಯಂಟ್, ಮೇಡಂ" ಅಂದರು. ನೀನು ನಮ್ಮ ಮಾತಿನಲ್ಲಿ, ನನಗೊಬ್ಬಳಿಗೇ ತಿಳಿಯುವಂತೆ ಕೇಳಿದೆ: "ನಾ ಒತ್ತೀನ್ರಿ ವೈನಿ. ಯಾಕ ಹಾರಲಿಲ್ಲ?"

ಹೇಳಬಹುದಿತ್ತು. ಒಂದೇ ವಾಕ್ಯ.

"ಜರಾ ತಡ ಆತು ನಿಂದು," ಅಂದೆ.

ಆ ಫ್ಲೀಟಿನವರೊಂದಿಗೆ ಇಂಗ್ಲಿಷಿನಲ್ಲಿ ನಾನು ಬೇಕಾದಷ್ಟು ಬಣ್ಣ ಕಟ್ಟಿ ಮಾತಾಡಿದ್ದೇನೆ. ಆದರೆ ನಾವಿಬ್ಬರೂ ಕನ್ನಡದಲ್ಲಿ ಆಡಿದ ಮಾತು ನಿನಗೆ ನಂಬಿಕೆಯ ಮಾತು. ನೀನು ನಂಬಿದೆ. "ಹೌದೇನ್ರಿ..." ಅಂದೆ. ಮತ್ತೆ — "ಅವ್ವಂದೂ ಹಿಂಗೇ ಶುರು ಆಗಿತ್ರಿ."

ನನಗೆ ಆಗಲೂ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಬರೆದರೆ ಇದು ಇನ್ನೊಂದು ಸುಳ್ಳು.

ಮರುದಿನ ನೀನು ಬರಲಿಲ್ಲ, ಆಮೇಲೂ ಬರಲಿಲ್ಲ. ಅತ್ತೆಯವರು ಹೋದ ಮೇಲೆ ರೊಟ್ಟಿ ಬಡಿಯುವುದನ್ನೂ ಬಿಟ್ಟೆಯೆಂದು ತಿಳಿಯಿತು. ನನ್ನ ಓರಗಿತ್ತಿ, ನಿನ್ನ ತಮ್ಮನ ಹೆಂಡತಿ, ಫೋನಿನಲ್ಲಿ "ಅಕ್ಕ ಕೈ ಮಡಚಿ ಕುಂತುಬಿಟ್ಟಾರ್ರಿ, ಒಂದು ತಂಬಗಿ ಸೈತ ಎತ್ತವಲ್ಲರು, ಬೀಳ್ತದ ಅಂತಾರ" ಅಂದಳು. ಹೋದ ಹಬ್ಬಕ್ಕೆ ಬಂದಿದ್ದೆನಲ್ಲ. ತಾಂಡೂರು ಕಲ್ಲಿನ ಆ ತಣ್ಣನೆ ನೆಲದ ಮೇಲೆ ಕೂತು ನಾನು ನಿನ್ನ ಕೈಗೆ ಚಹಾ ಕೊಟ್ಟೆ. ನೀನು ಹೆದರಿಕೊಂಡೇ ಎರಡೂ ಕೈಯಿಂದ ಹಿಡಿದೆ. ಚಹಾ ಅಲುಗಲಿಲ್ಲ, ಮಾದೇವಿ. ಕಪ್ಪಿನ ಅಂಚಿನವರೆಗೆ ತುಂಬಿತ್ತು, ಒಂದು ಹನಿಯೂ ಚೆಲ್ಲಲಿಲ್ಲ. ನಾನು ನೋಡಿದೆ. ನೀನು ನೋಡಲಿಲ್ಲ — ನಿನ್ನ ಕಣ್ಣು ಗೋಡೆಯ ಮೇಲಿತ್ತು. ಆಗಲೂ ನಾನು "ಟೇಕ್ ಕೇರ್" ಅಂದು ಬಸ್ ಹತ್ತಿದೆ.

ಆಟದಲ್ಲಿ ಹೋದ ಹಡಗನ್ನು ಮತ್ತೆ ಕಟ್ಟಬಹುದು. ನಿನ್ನ ಕೈಗಳನ್ನು ನಿನ್ನಿಂದ ಕಿತ್ತುಕೊಂಡದ್ದು... ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಎಲ್ಲದಕ್ಕೂ "ಸೇ ಸಾರಿ" ಅನ್ನುತ್ತಿದ್ದರು, ನಾನೂ ಹೇಳಿ ಆಟಕ್ಕೆ ಓಡುತ್ತಿದ್ದೆ. ಆ ಪದ ನನಗೆ ಬಹಳ ಸುಲಭ. ಅದಕ್ಕೇ ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ಕಾಗದ ನಿನ್ನ ಕಣ್ಣಿಗೆ ಬೀಳುವ ಮೊದಲೇ ನಾನು ಬರುತ್ತೇನೆ. ನಾಳೆಯ ಬೆಳಗಿನ ಬಸ್ಸಿಗೆ. ನಿನ್ನ ಮುಂದೆ ಕೂತು, ಸುಳ್ಳು ಹೇಳಿದ ಅದೇ ಮಾತಿನಲ್ಲಿ, ಎಂಜಿನ್ ತೆಗೆದವಳು ನಾನೆಂದು ಹೇಳುತ್ತೇನೆ. ನಿನ್ನ ಕೈಗಳ ಮೇಲೆ ಮತ್ತೆ ನಿನಗೆ ನಂಬಿಕೆ ಬರುತ್ತದೋ ಇಲ್ಲವೋ, ನನಗೆ ತಿಳಿಯದು. ನನ್ನ ಮಾತನ್ನು ಇನ್ನು ನೀನು ಯಾಕೆ ನಂಬಬೇಕು? ಆಮೇಲೆ ನೀನು "ನಡೀರಿ ವೈನಿ" ಅಂದು ಬಾಗಿಲು ತೋರಿಸಿದರೆ, ನಡೆಯುತ್ತೇನೆ. ಆ ಕೈಯಿಂದಲೇ ತೋರಿಸು. ಅದು ನಡುಗುವುದಿಲ್ಲ — ನೋಡು.