ಕೆಂಪು ದಾರದ ತಾರೀಖು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಹರಿದ ಹಾಸುಬಟ್ಟೆ, ಆಪರೇಷನ್ ಗೌನುಗಳಿಗೆ ತೇಪೆ ಹಾಕುತ್ತಿದ್ದವಳನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ಹೊಲಿಗೆ ಯಂತ್ರದ ಮೇಲೆ ಅವಳಿಗೆ ಎಷ್ಟು ಹಿಡಿತವೋ ನಾಲಿಗೆಯ ಮೇಲೂ ಅಷ್ಟೇ. ಬೇಡದ ಮಾತು ಆಡಿದವಳಲ್ಲ, ಆಡಿದ್ದನ್ನು ನುಂಗಿದವಳೂ ಅಲ್ಲ.

ಕೆಲಸ ಮಾತ್ರ ಹನ್ನೊಂದು ತಿಂಗಳ ಕರಾರಿನದು. ಅದು ಮುಗಿದರೆ ಲೆಕ್ಕಕ್ಕೆ ಒಂದು ದಿನ ಬಿಡುವು, ಮರುದಿನ ಹೊಸ ಕಾಗದಕ್ಕೆ ಸಹಿ. ಹೀಗೆ ಆರು ಕಾಗದ ಕಳೆದವು. ಏಳನೆಯದು ಬರಲೇ ಇಲ್ಲ. ಕೇಳಲು ಹೋದರೆ ಮ್ಯಾನೇಜರು ತಲೆ ಎತ್ತದೆ, ಯಾರೂ ನಿಮ್ಮನ್ನು ತೆಗೆದಿಲ್ಲ, ಅವಧಿ ತಾನಾಗಿ ಮುಗಿದಿದೆ ಎಂದರು. ವಾರ ತುಂಬುವುದರೊಳಗೆ ಆಸ್ಪತ್ರೆಯ ಇಸ್ತ್ರಿಯವನು ಮನೆಗೆ ಸುದ್ದಿ ತಂದ: ಅವಳ ಯಂತ್ರದ ಮುಂದೆ ಬೇರೊಬ್ಬಳು ಕೂತಿದ್ದಾಳೆ.

ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ಅವಳ ತಂಗಿ ಕೈ ನಿಲ್ಲಿಸಿದಳು. “ಮುಖದ ಮೇಲೆ ಬಾಗಿಲು ಹಾಕಿ, ಒಳಗಿಂದ ‘ನಾನೇನು ಹೋಗು ಅಂದ್ನಾ’ ಅಂತ ಕೇಳಿದ ಹಾಗಾಯ್ತಲ್ಲಕ್ಕ ಇದು.”

ಮರುದಿನವೇ ಇಬ್ಬರೂ ಕಾರ್ಮಿಕ ಕಚೇರಿಗೆ ಹೋದರು. ಮಾಡುವ ಕೆಲಸ ಹಾಗೇ ಉಳಿದಿದ್ದು, ಸರಿಯಾದ ಕಾರಣವಿಲ್ಲದೆ ಕರಾರು ಮುಂದುವರಿಸದಿದ್ದರೆ ಅದೂ ಕೆಲಸದಿಂದ ತೆಗೆದ ಲೆಕ್ಕವೇ ಎಂದ ಅಲ್ಲಿನ ಗುಮಾಸ್ತ. ಆದರೆ ಮೂರು ತಿಂಗಳೊಳಗೆ ದೂರು ಕೊಡಬೇಕು ಎಂದೂ ತಿಳಿಸಿದ. ನಾಳೆ ಎಂದರೆ ಹಾಳು ಎಂದುಕೊಂಡು ಹೊಲಿಗೆಯಕ್ಕ ಅಲ್ಲೇ ಬೆಂಚಿನ ಮೇಲೆ ಕೂತು, ತಾನು ಹೇಳಿ ತಂಗಿಯ ಕೈಯಲ್ಲಿ ದೂರು ಬರೆಸಿದಳು.

ವಿಚಾರಣೆಯ ದಿನ ಆಸ್ಪತ್ರೆಯ ವಕೀಲರು ಆರೂ ಕಾಗದಗಳನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿದರು. ಇವು ಆರು ಬೇರೆ ಬೇರೆ ಕೆಲಸ, ನಡುನಡುವೆ ಒಂದೊಂದು ದಿನ ಸಂಬಂಧ ಕಡಿದಿದೆ, ಹಾಜರಿ ಪುಸ್ತಕದಲ್ಲಿ ಆ ಐದು ದಿನವೂ ಖಾಲಿ ಇದೆ ಎಂದರು. ಹೊಲಿಗೆಯಕ್ಕ ಎದ್ದು ನಿಂತು, ಆ ಐದು ದಿನವೂ ತಾನು ಬಂದಿದ್ದೆ, ‘ಹಾಜರಿ ಹಾಕಬೇಡ, ಗೌನು ಮಾತ್ರ ಮುಗಿಸಿಕೊಡು’ ಎಂದು ಮ್ಯಾನೇಜರೇ ಹೇಳಿದ್ದರು ಎಂದಳು. ಮ್ಯಾನೇಜರಿಗೆ ಅಂಥದ್ದೇನೂ ನೆನಪಿರಲಿಲ್ಲ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯಮ್ಮ ಸಾಕ್ಷಿ ಕೇಳಿದರು.

ಹೊಲಿಗೆಯಕ್ಕ ಅವಸರ ಮಾಡಲಿಲ್ಲ. ಮೂರು ಸಲ ತೇಪೆ ಬಿದ್ದ ಬಟ್ಟೆ ಚಿಂದಿಗೆ ಹೋಗಬೇಕೆಂಬುದು ಆಸ್ಪತ್ರೆಯದೇ ನಿಯಮ. ಅದಕ್ಕಾಗಿ ತೇಪೆ ಹಾಕಿದ ದಿನದ ತಾರೀಖನ್ನು ಬಟ್ಟೆಯ ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿಯಬೇಕು.

“ಪುಸ್ತಕ ಖಾಲಿ ಇದ್ರೆ ಇರ್ಲಿ ಬಿಡಿಯಮ್ಮ, ಬಟ್ಟೆ ಖಾಲಿ ಇಲ್ಲ. ಆಸ್ಪತ್ರೆ ಬಟ್ಟೆ ಕಪಾಟು ತೆಗೆಸಿ ನೋಡಿ.”

ಮುಂದಿನ ವಿಚಾರಣೆಗೆ ಅಧಿಕಾರಿಯ ಅಪ್ಪಣೆಯಂತೆ ಮೂರು ಗಂಟು ಬಟ್ಟೆ ಬಂತು. ಹುಡುಕಿದಾಗ ಆ ಐದು ದಿನಗಳ ಪೈಕಿ ನಾಲ್ಕು ದಿನಗಳ ತಾರೀಖು ಸಿಕ್ಕಿತು. ಯಾರು ಬೇಕಾದರೂ ಹೊಲಿದಿರಬಹುದು ಎಂದು ವಕೀಲರು ಗೊಣಗಿದರು. ಹೊಲಿಗೆಯಕ್ಕ ಬಟ್ಟೆಯ ಹಿಂಬದಿ ತಿರುಗಿಸಿ ತೋರಿಸಿದಳು: ಎಲ್ಲೂ ಗಂಟಿಲ್ಲ, ದಾರದ ತುದಿ ಹೊಲಿಗೆಯ ಅಡಿಯಲ್ಲೇ ಅಡಗಿದೆ. ಮಲಗಿದ ರೋಗಿಯ ಬೆನ್ನಿಗೆ ಗಂಟು ಒತ್ತಬಾರದೆಂದು ಅವಳೊಬ್ಬಳೇ ಮಾಡಿಕೊಂಡ ಪದ್ಧತಿ ಅದು. ಅಧಿಕಾರಿಯಮ್ಮ ನಾಲ್ಕೂ ತಾರೀಖುಗಳ ಮೇಲೆ ಬೆರಳಾಡಿಸಿ ಬರೆದುಕೊಂಡರು.

ಹೊರಗೆ ಮೆಟ್ಟಿಲ ಹತ್ತಿರ ಮ್ಯಾನೇಜರು ಮೆತ್ತಗೆ ಬಂದರು. ದೂರು ವಾಪಸು ತಗೊಂಡರೆ ನಾಳೆಯೇ ಇನ್ನೊಂದು ಹನ್ನೊಂದು ತಿಂಗಳ ಕಾಗದ ಕೊಡಿಸುವುದಾಗಿ ಹೇಳಿದರು. ತಂಗಿ ಅಕ್ಕನ ಮುಖ ನೋಡಿದಳು.

“ಹನ್ನೊಂದು ತಿಂಗಳಾದ್ಮೇಲೆ ಮತ್ತೆ ಇದೇ ಮೆಟ್ಟಿಲು ಹತ್ತಬೇಕಲ್ಲ ಸಾರ್,” ಎಂದಳು ಹೊಲಿಗೆಯಕ್ಕ. “ಮಂಡಿನೋವು ನಂಗೆ. ಒಂದ್ಸಲ ಹತ್ತಿದ್ದೀನಿ, ಮುಗಿಸ್ಕೊಂಡೇ ಇಳೀತೀನಿ.”

ತೀರ್ಪು ಬರಲು ಐದು ವಾರ ಹಿಡಿಯಿತು. ಸೇವೆ ಎಲ್ಲೂ ಕಡಿದಿಲ್ಲ, ತೆಗೆದದ್ದು ಅನ್ಯಾಯ, ಹನ್ನೊಂದು ತಿಂಗಳ ಅವಧಿಯ ಗೊಡವೆಯಿಲ್ಲದೆ ವಾಪಸು ತೆಗೆದುಕೊಳ್ಳಬೇಕು ಎಂದಿತ್ತು.

ಸೋಮವಾರ ಬೆಳಿಗ್ಗೆ ಅವಳು ನೆಲಮಾಳಿಗೆಗೆ ಇಳಿದಾಗ ಯಂತ್ರದ ಮುಂದಿದ್ದವಳು ದಡಬಡಿಸಿ ಎದ್ದಳು, ಚೀಲ ಎತ್ತಿಕೊಳ್ಳಲು ಕೈ ಹಾಕಿದಳು. ಪಕ್ಕದಲ್ಲಿ ಹರಿದ ಬಟ್ಟೆಯ ರಾಶಿ ಕಿಟಕಿಯ ಮಟ್ಟಕ್ಕೆ ಬೆಳೆದಿತ್ತು.

“ನೀನೆಲ್ಲಿಗೆ ಹೊರಟೆ? ಇಷ್ಟನ್ನ ನಾನೊಬ್ಬಳೇ ಹೊಲೀಲಾ?” ಎಂದು ಹೊಲಿಗೆಯಕ್ಕ ಮೂಲೆಯ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡಳು. “ಕೂತ್ಕೊ ತಾಯಿ. ಮಧ್ಯಾಹ್ನ ಊಟಕ್ಕೆ ಏಳೋವಾಗ ನಿನ್ನ ಕರಾರಿನ ಕಾಗದ ತೆಗಿ. ಅದರಲ್ಲಿ ಎಷ್ಟು ತಿಂಗಳು ಬರ್ದಿದ್ದಾರೆ ನೋಡೋಣ.”