ನಿಂತಲ್ಲಿ ನಿಲ್ಲದವಳು

ಆ ಮಾರ್ಗದಲ್ಲಿ ಓಡಾಡುವವರಿಗೆಲ್ಲ ಅವಳು ಕಂಡಕ್ಟರಕ್ಕ. ಕಂಬಿ ಹಿಡಿಯದೆ ಟಿಕೆಟ್ ಕೊಡುವುದೇ ಅವಳ ಜಂಬ. ತಿರುವಿನಲ್ಲಿ ಬಸ್ಸು ಅತ್ತ ವಾಲಿದರೆ ಅವಳ ಸೊಂಟ ಇತ್ತ ವಾಲುತ್ತಿತ್ತು. ಬ್ರೇಕು ಬಿದ್ದರೆ ಹಿಮ್ಮಡಿ ನೆಲ ಕಚ್ಚುತ್ತಿತ್ತು. ಮನೆಯಲ್ಲೂ ಕೂತು ಉಂಡವಳಲ್ಲ. ತಟ್ಟೆ ಹಿಡಿದು ಬಾಗಿಲಿಗೂ ಒಲೆಗೂ ಓಡಾಡುತ್ತಲೇ ಊಟ ಮುಗಿಸುವಳು. ಗಂಡ ದರ್ಜಿ. ಬೆಳಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತರೆ ಏಳುವುದು ಸಂಜೆಗೇ.

"ನಿನ್ನ ಕಾಲಿಗೆ ಚಕ್ರ ಇದೆ, ನನ್ನ ಚಕ್ರಕ್ಕೆ ಕಾಲಿದೆ. ಒಳ್ಳೇ ಜೋಡಿ ಬಿಡು," ಎಂದು ನಗುವನು.

ಒಮ್ಮೆ ಅವಳಿಗೆ ನೆಗಡಿ, ಜ್ವರ ಬಂದು ಹೋಯಿತು. ಜ್ವರ ಬಿಟ್ಟಿತೆಂದು ಕೆಲಸಕ್ಕೆ ಹೊರಡಲು ಎದ್ದರೆ ಗೋಡೆಗಳೆಲ್ಲ ಗಿರ್ರನೆ ಸುತ್ತಿದವು. ಕಾಲಿಟ್ಟಲ್ಲಿ ನೆಲವಿರಲಿಲ್ಲ. ಎಡಕ್ಕೆ ಉರುಳಿ ಬಟ್ಟೆ ಕಪಾಟಿಗೆ ಭುಜ ಬಡಿಯಿತು, ಹಿಂದೆಯೇ ವಾಂತಿ. ಗಂಡ ಅವಳನ್ನು ತಬ್ಬಿಕೊಂಡೇ ಆಸ್ಪತ್ರೆಗೆ ಸಾಗಿಸಿದ.

"ಕಿವಿ ಇರೋದು ಕೇಳೋದಕ್ಕೆ ಮಾತ್ರ ಅಲ್ಲಮ್ಮ," ಎಂದರು ಡಾಕ್ಟರು. "ತಲೆ ಯಾವ ಕಡೆ ತಿರುಗ್ತು, ಯಾವ ಕಡೆ ವಾಲ್ತು ಅಂತ ಮಿದುಳಿಗೆ ಸುದ್ದಿ ಮುಟ್ಟಿಸೋದೂ ಅದೇ. ನಿಮ್ಮ ಎಡಗಿವಿಯಿಂದ ಸುದ್ದಿ ಹೋಗ್ತಿಲ್ಲ. ಬಲಗಿವಿ ಒಂದೇ ಬಡ್ಕೊಳ್ತಿದೆ. ಅದನ್ನ ನಂಬ್ಕೊಂಡು ಮಿದುಳು, ನೀವು ತಿರುಗ್ತಾನೇ ಇದ್ದೀರಿ ಅಂದ್ಕೊಂಡಿದೆ."

ವಾಂತಿ ನಿಂತಿತು, ಗೋಡೆಗಳು ನಿಂತವು. ಅವಳಿಗೆ ಮಾತ್ರ ನಿಲ್ಲಲಾಗಲಿಲ್ಲ. ತಲೆ ಹೊರಳಿಸಿದರೆ ಕಣ್ಣೆದುರಿನ ಕಿಟಕಿ ತಡವಾಗಿ ಬಂದು ಕೂರುತ್ತಿತ್ತು. ಬಂದವರೆಲ್ಲ ಮಲಗು, ಮಲಗು ಎನ್ನುವವರೇ. ಮಲಗಿದರೆ ಕಾಲುಗಳು ಹೊದಿಕೆಯೊಳಗೆ ಚಡಪಡಿಸುತ್ತಿದ್ದವು. ಹೊರಗೆ ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಕೂರುತ್ತಿದ್ದಳು. ಡಿಪೋದವರು, ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದು ಹೇಳಿ ಕಳಿಸಿದಾಗ ಅವಳು ಗೋಡೆ ಕಡೆಗೆ ಮುಖ ಮಾಡಿಕೊಂಡಳು.

ಮತ್ತೆ ತೋರಿಸಲು ಹೋದಾಗ ಡಾಕ್ಟರು ಅವಳನ್ನು ವ್ಯಾಯಾಮ ಹೇಳಿಕೊಡುವ ಹೆಂಗಸಿನ ಹತ್ತಿರ ಕಳಿಸಿದರು. ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು.

"ಮಲಗಿದ್ದೇ ತಪ್ಪು. ಮೈಯನ್ನ ನೆಟ್ಟಗೆ ನಿಲ್ಸೋಕೆ ಮೂರು ಜನ ಇದ್ದಾರೆ, ಕಣ್ಣು, ಕಿವಿ, ಅಂಗಾಲು. ಒಬ್ಬ ಅರ್ಧ ಕೈ ಕೊಟ್ಟಿದ್ದಾನೆ. ಉಳಿದೋರು ಆ ಕೆಲಸ ಕಲೀಬೇಕು. ತಲೆ ತಿರುಗಿಸಿ ತಿರುಗಿಸೀನೇ ಕಲಿಸ್ಬೇಕು."

"ತಿರುಗೋ ತಲೇನ ಮತ್ತೆ ತಿರುಗಿಸೋದಾ? ನಿಮಗೇನಾದ್ರೂ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಗೋಡೆಯ ಮೇಲಿನ ಅಕ್ಷರವೊಂದನ್ನೇ ದಿಟ್ಟಿಸಿ ತಲೆ ಅತ್ತಿತ್ತ ಆಡಿಸಬೇಕು. ಮೆತ್ತನೆಯ ಹಾಸಿನ ಮೇಲೆ ಕಾಲು ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಬೇಕು. ಕಣ್ಣು ಮುಚ್ಚಿದ್ದೇ ತಡ, ಬುಡ ಕಡಿದ ಬಾಳೆಯಂತೆ ಎಡಕ್ಕೆ ಬೀಳುತ್ತಿದ್ದಳು. ಬಿದ್ದಾಗೆಲ್ಲ ಬೈದಳು, ಅತ್ತಳು, ಮತ್ತೆ ನಿಂತಳು.

ಮನೆಯಲ್ಲಿ ಅಂಥ ಹಾಸು ಎಲ್ಲಿಂದ ಬರಬೇಕು? ಗಂಡ ಕತ್ತರಿಸಿ ಉಳಿದ ಬಟ್ಟೆಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ ಹೊಲಿದು ಒಂದು ಮೆತ್ತೆ ಮಾಡಿದ. ಅವಳು ಅದರ ಮೇಲೆ ನಿಂತರೆ ಅವನು ಹಿಂದೆ ಕೈಚಾಚಿ ನಿಲ್ಲುವನು. ತುಸು ಹೊತ್ತಿಗೇ ಅವನ ಮೊಣಕಾಲು ನಡುಗುತ್ತಿದ್ದವು.

"ರೀ, ಬೀಳೋದು ನಾನಾ ನೀವಾ?"

"ಮೊದಲು ನೀನು ಬೀಳು, ಆಮೇಲೆ ನನ್ನದು ನೋಡೋಣ."

ನೆಲದ ಮೇಲೆ ನಡಿಗೆ ಹದಕ್ಕೆ ಬಂತು. ಅಷ್ಟಕ್ಕೇ ಅವಳ ತಾಳ್ಮೆ ತೀರಿತು. ಒಂದು ಮಧ್ಯಾಹ್ನ ಗಂಡನಿಗೂ ಹೇಳದೆ ತನ್ನದೇ ಮಾರ್ಗದ ಬಸ್ಸು ಹತ್ತಿದಳು. ಸೀಟಿದ್ದರೂ ಕೂರಲಿಲ್ಲ. ಬಸ್ಸು ಹೊರಟಿತು, ಕಂಬಿಯ ಮೇಲಿನ ಕೈ ಮೆಲ್ಲಗೆ ತೆಗೆದಳು. ಮಾರುಕಟ್ಟೆಯ ತಿರುವಿನಲ್ಲಿ ಬ್ರೇಕು ಬಿತ್ತು. ಅವಳು ಹೋಗಿ ಕುಕ್ಕರಿಸಿದ್ದು ಒಬ್ಬ ಅಜ್ಜಿಯ ತೊಡೆಯ ಮೇಲೆ.

"ಎದ್ದೇಳು ತಾಯಿ, ಇಷ್ಟು ದೊಡ್ಡ ಕೂಸನ್ನ ಎತ್ತಿ ಆಡ್ಸೋ ವಯಸ್ಸಲ್ಲ ನಂದು!"

ಬಸ್ಸೆಲ್ಲ ಗೊಳ್ಳೆಂದಿತು. ಅವಳೂ ನಕ್ಕಳು. ಇಳಿದು ಮನೆ ಸೇರುವವರೆಗೆ ಹಲ್ಲು ಕಚ್ಚಿಕೊಂಡಿದ್ದು, ಬಾಗಿಲು ಹಾಕಿಕೊಂಡು ಅತ್ತಳು. ಮಾರನೆಯ ದಿನ ಅಂಗಡಿ ಮುಚ್ಚಿ ಗಂಡನೂ ಅವಳ ಜೊತೆ ಬಸ್ಸು ಹತ್ತಿದ. ಆಮೇಲೆ ಇಬ್ಬರೂ ಬಿಡುವಾದಾಗಲೆಲ್ಲ ಖಾಲಿ ಬಸ್ಸು ನೋಡಿ ಹತ್ತುವುದು, ಕೊನೆಯ ನಿಲ್ದಾಣದವರೆಗೆ ನಿಂತೇ ಹೋಗುವುದು. ಅವಳು ಕಂಬಿಯನ್ನು ಒಂದು ಬೆರಳಲ್ಲಿ ಮುಟ್ಟಿಕೊಂಡಿದ್ದರೆ, ಅವನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕಣ್ಣು ಮುಚ್ಚಿರುತ್ತಿದ್ದ.

ಅವಳು ಕೆಲಸಕ್ಕೆ ಮರಳುವಷ್ಟರಲ್ಲಿ ಚಳಿಗಾಲ ಕಳೆದಿತ್ತು. ಎಲ್ಲವೂ ಮೊದಲಿನಂತಾಯಿತೆಂದರೆ ಸುಳ್ಳಾಗುತ್ತದೆ. ಹಗಲು ಪರವಾಗಿಲ್ಲ. ಮುಸ್ಸಂಜೆಯಲ್ಲಿ ಕಣ್ಣಿಗೆ ಆಸರೆ ತಪ್ಪಿದರೆ ಎಡಪಾದ ಇಂದಿಗೂ ನೆಲಕ್ಕಾಗಿ ತಡವರಿಸುತ್ತದೆ. ಅದಕ್ಕೇ ಬಸ್ಸಿನೊಳಗಿನ ದೀಪವನ್ನು ಬೇಗ ಹಾಕಿಸುತ್ತಾಳೆ.

ಮೊದಲ ದಿನ ಡ್ರೈವರು ಅವಳ ಮೇಲಿನ ಕನಿಕರದಿಂದ ಪ್ರತಿ ತಿರುವಿನಲ್ಲೂ ಬಸ್ಸನ್ನು ತೆವಳಿಸುತ್ತಿದ್ದ. ಒಂದೆರಡು ತಿರುವು ಸಹಿಸಿದಳು.

"ಅಣ್ಣಾ, ಬಸ್ ಓಡಿಸ್ತಿದ್ದೀಯಾ, ಬಸವನಹುಳು ಮೇಯಿಸ್ತಿದ್ದೀಯಾ? ಜನಕ್ಕೆ ಕೆಲಸ ಇಲ್ವಾ?"

"ಬಿದ್ದೀಯಮ್ಮಾ!"

"ಬಿದ್ರೆ ಏಳ್ತೀನಿ. ರೈಟ್, ರೈಟ್!"

ಡ್ರೈವರು ಗೇರು ಬದಲಿಸಿದ. ಅವಳು ತೂರಾಡುತ್ತಲೇ ಟಿಕೆಟ್ ಕೊಡಲು ಹಿಂದಿನ ಸೀಟುಗಳ ಕಡೆಗೆ ನಡೆದಳು.