ಬೆಂಚಿನ ಮೇಲೆ ಕೂತವರು

ಚಿತ್ರದುರ್ಗದ ಮಹಿಳಾ ಸಹಾಯ ಕೇಂದ್ರದಲ್ಲಿ ಕೇಸ್ ವರ್ಕರ್ ಹುದ್ದೆ ಖಾಲಿಯಿತ್ತು. ಇಸ್ತ್ರಿ ಮಾಡಿದ ಸೀರೆಯುಟ್ಟು, ಫೈಲು ಹಿಡಿದು ಹೊಳಲ್ಕೆರೆಯಿಂದ ಸಂದರ್ಶನಕ್ಕೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಐಮಂಗಲದ ಹೆಂಗಸೊಬ್ಬಳು ನನ್ನನ್ನು ಅಲ್ಲಿಯ ಅಧಿಕಾರಿಯೆಂದೇ ತಿಳಿದಳು. ಸೆರಗು ಸರಿಸಿ ಊದಿದ ಕೆನ್ನೆ ತೋರಿಸಿದಳು, ಗಂಡನ ಹೊಡೆತಗಳನ್ನೆಲ್ಲ ಹೇಳಿಕೊಂಡಳು.

“ನಾನು ಇಲ್ಲಿಯವಳಲ್ಲಮ್ಮ” ಎಂದೆ.

“ಎಲ್ಲಾ ಆಫೀಸ್ನಾಗೂ ಹಂಗೇ ಅಂತಾರ್ರಿ” ಎಂದು ಮುಂದುವರಿಸಿದಳು.

ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು.

“ಅನುಭವ ಐತೇನಮ್ಮ?” ಸಾಹೇಬರು ಕೇಳಿದರು. ಇಲ್ಲವೆಂದೆ. ಅನುಭವವಿಲ್ಲದವರನ್ನು ತೆಗೆದುಕೊಳ್ಳುವುದಿಲ್ಲವಂತೆ. ಯಾರೂ ತೆಗೆದುಕೊಳ್ಳದಿದ್ದರೆ ಅನುಭವವೇನು ಸಂತೆಯಲ್ಲಿ ಸಿಗುತ್ತದೆಯೇ? ಫೈಲು ಎತ್ತಿಕೊಂಡು ಹೊರಬಂದೆ.

ಅವಳು ತಟ್ಟನೆ ಎದ್ದು ನಿಂತಳು.

“ಒಳಗೆ ನನ್ ವಿಷ್ಯ ಹೇಳಿದ್ರೇನ್ರಿ, ಮೇಡಂ?”